ಪಶುವೈದ್ಯ ವಿದ್ಯಾರ್ಥಿಗೆ ಮನೆಯ ನೆರಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅನೇಕ ರೈತರು ಕೊಬ್ಬರಿ ಮಾರಿದ ಹಣದಲ್ಲಿ ಮಕ್ಕಳನ್ನು ಓದಿಸುತ್ತಾರೆ. ತಿಪಟೂರು ಬಳಿಯ ಕೊನೆಹಳ್ಳಿಯಲ್ಲಿ ಪಶುಸಂಗೋಪನೆಯ ಡಿಪ್ಲೊಮಾ ಇದೆ. ಪಶುವೈದ್ಯ ಪದವಿಗೆ ಹೆಬ್ಬಾಳ, ಹಾಸನ ಮುಂತಾದ ಕಾಲೇಜುಗಳಿಗೆ ಹೋಗಬೇಕು. ಒಂದು ವರ್ಷದ ತರಬೇತಿಯೂ ಸೇರಿ ಇದು 5½ ವರ್ಷದ ಓದು.

ಮೊದಲ ವರ್ಷವೇ ಕಠಿಣ. ದನ, ಕುದುರೆ, ನಾಯಿ, ಕೋಳಿಗಳ ಅಂಗರಚನೆಯನ್ನು ಇಂಗ್ಲಿಷಿನಲ್ಲಿ ಕಲಿಯಬೇಕು. ಊರಿನ ಶಾಲೆಯಲ್ಲಿ ಮುಂದಿದ್ದವರು ಇಲ್ಲಿ ಹಿಂದೆ ಬಿದ್ದಾಗ ತಮಗೆ ಬುದ್ಧಿ ಸಾಲದೆಂದು ಕುಗ್ಗುತ್ತಾರೆ. ಆತಂಕ ಮಿತಿಮೀರಿದರೆ ಏಕಾಗ್ರತೆ ಕುಂದುತ್ತದೆ. ನಿದ್ದೆಗೆಟ್ಟರೆ ಓದಿದ್ದು ನೆನಪಿನಲ್ಲಿ ನಿಲ್ಲದು. ಅಂಕ ಇಳಿದಂತೆ ಆತಂಕ ಮತ್ತೆ ಏರುತ್ತದೆ. ಇದು ಸೋಮಾರಿತನವಲ್ಲ.

ಹೊಸದಾಗಿ ನೆಟ್ಟ ತೆಂಗಿನ ಸಸಿಗೆ ಮೊದಲ ಬೇಸಿಗೆಯಲ್ಲಿ ಗರಿಯ ನೆರಳು ಮಾಡಿ ನೀರುಣಿಸುತ್ತೇವೆ, ಫಲ ಕೇಳುವುದಿಲ್ಲ. ಮಕ್ಕಳಿಗೂ ಇದೇ ಕ್ರಮ ಒಳ್ಳೆಯದು.

1. ಫೋನ್ ಮಾಡಿದಾಗ ಮೊದಲು ಊಟ, ನಿದ್ದೆ, ಗೆಳೆಯರ ವಿಚಾರ ಕೇಳಿ. ಅಂಕದ ಮಾತು ಆಮೇಲೆ.

2. ತೋಟದ ಸಾಲ, ಕೊಬ್ಬರಿ ಧಾರಣೆಯ ಚಿಂತೆಯನ್ನು ಪರೀಕ್ಷೆಯ ಹೊತ್ತಿನಲ್ಲಿ ಅವರ ಮೇಲೆ ಹೇರಬೇಡಿ.

3. ಅನುತ್ತೀರ್ಣರಾದರೆ ನೆರೆಮನೆಯ ಮಕ್ಕಳೊಡನೆ ಹೋಲಿಸಬೇಡಿ. ಅಧ್ಯಾಪಕರನ್ನು ಕಾಣಲು ಧೈರ್ಯ ಹೇಳಿ.

4. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಬದುಕು ಬೇಡವೆಂಬ ಮಾತು ಬಂದರೆ ಆ ದಿನವೇ ಹೋಗಿ ಜೊತೆಗಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ನಾಳೆ ನಮ್ಮ ಕೊಟ್ಟಿಗೆಗೆ ಬಂದು ರಾಸು ಉಳಿಸುವವರು ಇವರೇ. ಇಂದು ಅವರ ಮನಸ್ಸನ್ನು ಉಳಿಸಿಕೊಳ್ಳುವುದು ನಮ್ಮ ಕೆಲಸ.