ಬೂಷ್ಟು ಹಿಡಿದ ಕಾಳು ಮತ್ತು ಹಂದಿಯ ಯಕೃತ್ತು

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಸಪ್ಟೆಂಬರ ತಿಂಗಳ ಮಳೆಯೇ ಹೆಚ್ಚಿನದು. ಮುಂಗಾರಿನ ಗೋವಿನಜೋಳ, ಸಜ್ಜೆ, ಶೇಂಗಾಗಳು ಕೊಯ್ಲಿಗೆ ಬರುವದೂ ಆ ಮಳೆಯ ಬೆನ್ನಿಗೇ. ತೆನೆ ತೊಯ್ದು ಬೂಷ್ಟು ಹಿಡಿದಾಗ, ಒಳ್ಳೆಯ ಕಾಳನ್ನು ಮನೆಗೂ ಪೇಟೆಗೂ ಆರಿಸಿಟ್ಟು, ಕೆಟ್ಟದ್ದನ್ನು ಕೋಳಿಗೋ ಹಂದಿಗೋ ಸುರಿಯುವ ವಾಡಿಕೆಯುಂಟು. ಹಂದಿಗೆ ಎಲ್ಲವೂ ಜೀರ್ಣವಾಗುವದೆಂಬ ಭಾವನೆಯು ತಪ್ಪಾದದ್ದು. ಬೂಷ್ಟಿನ ವಿಷವನ್ನು ತಾಳದ ಪ್ರಾಣಿಗಳಲ್ಲಿ ಹಂದಿಯೂ ಒಂದು.

ಶೇಂಗಾ, ಗೋವಿನಜೋಳಗಳ ಮೇಲೆ ಬೆಳೆಯುವ ಹಳದಿ-ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನುಂಟುಮಾಡುವದು. 1960ರಲ್ಲಿ ಇಂಗ್ಲಂಡದಲ್ಲಿ ಕೆಟ್ಟ ಶೇಂಗಾ ಹಿಂಡಿಯನ್ನು ತಿಂದು ಸುಮಾರು 1 ಲಕ್ಷ ಟರ್ಕಿ ಕೋಳಿಮರಿಗಳು ಸತ್ತ ಮೇಲೆ ಇದು ಶಾಸ್ತ್ರಜ್ಞರಿಗೆ ಗೊತ್ತಾಯಿತು. ಗೋವಿನಜೋಳ ಹಾಗೂ ಜೋಳದ ಬಿಳಿ-ಗುಲಾಬಿ ಬೂಷ್ಟಿನಿಂದ ಫ್ಯುಮೋನಿಸಿನ್ ಎಂಬ ಇನ್ನೊಂದು ವಿಷವು ಹುಟ್ಟುವದು. 1995ರಲ್ಲಿ ದಖ್ಖನದ 27 ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಕೆಟ್ಟ ಇಂಥ ಕಾಳಿನ ರೊಟ್ಟಿಯನ್ನುಂಡ ಜನರಿಗೇ ಹೊಟ್ಟೆನೋವೂ ಭೇದಿಯೂ ಉಂಟಾದವು.

ಕರುಳಿನಿಂದ ಹೊರಟ ರಕ್ತವು ಮೊದಲು ಯಕೃತ್ತಿಗೇ ಹೋಗುವದು. ಅಲ್ಲಿಯ ಕಾವಲು ಜೀವಕಣಗಳು ರಕ್ತದೊಡನೆ ಬಂದ ರೋಗಾಣುಗಳನ್ನು ಹಿಡಿದು ನುಂಗುವವು. ರೋಗವನ್ನು ತಡೆಯುವ ಕೆಲವು ಸತ್ವಗಳೂ ಅಲ್ಲಿಯೇ ತಯಾರಾಗುವವು. ಅಫ್ಲಾಟಾಕ್ಸಿನ್ ಈ ಯಕೃತ್ತಿನಲ್ಲಿಯೇ ಮಾರ್ಪಟ್ಟು ಮತ್ತಷ್ಟು ಉಗ್ರವಾಗಿ ಅದರ ಕಣಗಳನ್ನು ಕೆಡಿಸುವದು. ಫ್ಯುಮೋನಿಸಿನ್ ಯಕೃತ್ತಿನ ಜೊತೆಗೆ ಹಂದಿಯ ಶ್ವಾಸಕೋಶದಲ್ಲಿ ನೀರು ತುಂಬಿಸುವದು.

ವಿಷವು ಅಧಿಕವಾದರೆ ಹಂದಿಯು ಸಾಯುವದು, ಕಾರಣವೂ ಬೇಗನೆ ತಿಳಿಯುವದು. ಅಲ್ಪವಾದರೆ ಮೋಸ ಹೆಚ್ಚು. ಪ್ರಾಣಿಯು ಮೇವು ಬಿಡದು, ಆದರೆ ಮೈ ಹಿಡಿಯದು; ಮರಿಗಳಿಗೆ ಪದೇ ಪದೇ ಭೇದಿಯೂ ಕೆಮ್ಮೂ ಅಂಟುವವು; ಲಸಿಕೆ ಹಾಕಿಸಿದರೂ ಬರಬೇಕಾದಷ್ಟು ರೋಗನಿರೋಧಕ ಶಕ್ತಿಯು ಬಾರದಿರಬಹುದು. ಒಡೆಯನು ಲಸಿಕೆಯನ್ನು ದೂರುವನು; ದೋಷವು ಆಹಾರದ ಚೀಲದಲ್ಲಿರುವದು.

ಆದಕಾರಣ ಈ ಕೆಳಗಿನ ಕ್ರಮಗಳನ್ನು ಪಾಲಿಸತಕ್ಕದ್ದು:

1. ಕಾಳಿನ ತೇವವು ನೂರಕ್ಕೆ 12ಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸಬೇಕು. ಕಾಳನ್ನು ಕಡಿದರೆ ಕಟ್ಟೆಂದು ಮುರಿಯಬೇಕು. ಶೇಂಗಾಕಾಯಿಯನ್ನು ಅಲ್ಲಾಡಿಸಿದರೆ ಒಳಗಿನ ಬೀಜವು ಸಪ್ಪಳ ಮಾಡಬೇಕು.

2. ಚೀಲಗಳನ್ನು ಬರಿನೆಲದ ಮೇಲಾಗಲಿ, ಗೋಡೆಗೆ ತಾಗಿಸಿಯಾಗಲಿ ಇಡದೆ ಹಲಗೆಯ ಮೇಲೆ ಒಟ್ಟಬೇಕು.

3. ಬೂಷ್ಟನ್ನು ಒರಸುವದರಿಂದಾಗಲಿ, ಕಾಳನ್ನು ಕುದಿಸುವದರಿಂದಾಗಲಿ ವಿಷವು ಹೋಗಲಾರದು. ಒಳ್ಳೆಯ ಕಾಳಿನೊಡನೆ ಬೆರಸಿ ಹಾಕುವದೂ ಸಲ್ಲದು. ಕೆಟ್ಟದ್ದನ್ನು ಹುಗಿದುಬಿಡುವದೇ ಲೇಸು.

4. ಗಬ್ಬದ ಹಂದಿಗೂ ಎಳೆಮರಿಗಳಿಗೂ ಸಂಶಯದ ಆಹಾರವನ್ನು ಎಷ್ಟುಮಾತ್ರಕ್ಕೂ ಕೊಡಬಾರದು.

5. ಬೂಷ್ಟಿನ ಹಿಂಡಿಯನ್ನು ಹಾಲು ಕೊಡುವ ಎಮ್ಮೆ-ಆಕಳಿಗೂ ಹಾಕಬಾರದು. ಅದರ ವಿಷವು ಹಾಲಿಗೂ ಇಳಿಯುವದು.

ಹಂದಿ ಸಾಕುವವರಲ್ಲಿ ಸ್ವಂತ ಹೊಲವಿಲ್ಲದ ಬಡವರೂ ಉಂಟು. ದೊಡ್ಡ ಹೊಲದವರು ಅಗ್ಗಕ್ಕೆ ಕೊಟ್ಟ ಕೆಟ್ಟ ಕಾಳೇ ಅವರ ಹಂದಿಗಳ ಆಹಾರವಾಗುವದು. ಊರ ಹಿರಿಯರೂ ಭೂಮಾಲಕರೂ ಅಂಥ ಕಾಳನ್ನು ಮಾರದೆ, ದಾನವಾಗಿಯೂ ಕೊಡದೆ, ರಾಶಿಯ ಕಾಲಕ್ಕೆ ಒಣಕಣವನ್ನೂ ತಾಡಪತ್ರಿಯನ್ನೂ ನೆರೆಯವರಿಗೆ ಒದಗಿಸಿದರೆ ಬಡವನ ಬಂಡವಾಳವು ಉಳಿಯುವದು.