ಲಿವರ್ ಕ್ಯಾನ್ಸರಿನ ಲೆಕ್ಕವೂ ನಮ್ಮ ಕಡಲೆಕಾಯಿ ಕಣವೂ

ಕಾರ್ತಿಕದ ಕಡೇ ಸೋಮವಾರ ಬೆಂಗಳೂರು ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಚಿಂತಾಮಣಿ, ಕೋಲಾರ, ಮಾಗಡಿ, ತುಮಕೂರು ಕಡೆಯ ಕಾಯಿ ಅಲ್ಲಿಗೆ ಬರುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರದ ಜನ ಸೇರುಗಟ್ಟಲೆ ಕೊಂಡು ಹೋಗ್ತಾರೆ. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ, ಜಯನಗರ ದಾಟಿ ಹೊಸೂರು ರಸ್ತೆ ಕಡೆ ಬಂದರೆ ಕಿದ್ವಾಯಿ ಆಸ್ಪತ್ರೆ. ಕ್ಯಾನ್ಸರ್ ಅಂದಕೂಡಲೇ ನಮ್ಮ ಸೀಮೆಯ ಜನ ಬಸ್ಸು ಹತ್ತುವುದು ಅಲ್ಲಿಗೇ.

ಕಡಲೆಕಾಯಿಗೂ ಕ್ಯಾನ್ಸರ್ ಆಸ್ಪತ್ರೆಗೂ ಎಲ್ಲಿಯ ನಂಟು ಎಂದು ಕೇಳಬಹುದು. ನಂಟು ಇದೆ. ಅದು ಕಾಯಿಯಲ್ಲಿಲ್ಲ, ಕಾಯಿಗೆ ಹಿಡಿಯುವ ಬೂಷ್ಟಿನಲ್ಲಿದೆ. ನಾನು ಏಳನೇ ಕ್ಲಾಸು ಓದಿದ ಬೆದ್ದಲು ರೈತ, ಡಾಕ್ಟರಲ್ಲ. ಆದರೆ ನಮ್ಮ ನೆಂಟರೊಬ್ಬರು ಲಿವರ್ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಊರಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: "ಅವರು ಒಂದು ತೊಟ್ಟೂ ಕುಡೀತಿರಲಿಲ್ಲವಲ್ಲ, ಅವರಿಗೆ ಹ್ಯಾಗೆ ಬಂತು?" ಆ ಪ್ರಶ್ನೆ ಹಿಡಿದು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದೊಂದು ಸೀಮೆಗೆ ಒಂದೊಂದು ಲೆಕ್ಕ

ಲಿವರ್ ಅಂದರೆ ಪಿತ್ತಜನಕಾಂಗ. ಇದರ ಕ್ಯಾನ್ಸರ್ ಬಂದವರಲ್ಲಿ ಉಳಿಯುವವರು ಕಡಿಮೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಒಂದು ವರ್ಷಕ್ಕೆ ಸುಮಾರು 8 ಲಕ್ಷದ 66 ಸಾವಿರ ಜನಕ್ಕೆ ಇದು ಹೊಸದಾಗಿ ಬಂತು, ಸುಮಾರು 7 ಲಕ್ಷದ 58 ಸಾವಿರ ಜನ ಸತ್ತರು. ಬಂದವರ ಲೆಕ್ಕಕ್ಕೂ ಸತ್ತವರ ಲೆಕ್ಕಕ್ಕೂ ಅಂತರ ಎಷ್ಟು ಕಡಿಮೆ ನೋಡಿ. ಹಾಗಾಗಿ ಇದು ಬಾರದಂತೆ ನೋಡಿಕೊಳ್ಳುವುದೇ ದೊಡ್ಡ ಔಷಧ.

ಈ ರೋಗ ಎಲ್ಲ ಕಡೆ ಒಂದೇ ಸಮ ಇಲ್ಲ. ಮುದುಕರು ಜಾಸ್ತಿ ಇರುವ ದೇಶದಲ್ಲಿ ಸಾವೂ ಜಾಸ್ತಿ ಇರುತ್ತದೆ. ಅದಕ್ಕೇ ತಿಳಿದವರು ವಯಸ್ಸಿನ ಏರುಪೇರು ಸರಿಮಾಡಿ, ಲಕ್ಷ ಜನಕ್ಕೆ ಇಷ್ಟು ಅಂತ ಲೆಕ್ಕ ಹಾಕ್ತಾರೆ. ಹಾಗೆ ಹಾಕಿದಾಗ ಮಂಗೋಲಿಯ ದೇಶದಲ್ಲಿ ವರ್ಷಕ್ಕೆ ಲಕ್ಷಕ್ಕೆ 80ಕ್ಕೂ ಮೇಲೆ ಜನಕ್ಕೆ ಈ ರೋಗ ಬರುತ್ತದೆ. ಜಗತ್ತಿನಲ್ಲೇ ಅದು ಹೆಚ್ಚು. ನಮ್ಮ ದೇಶದ್ದು ಲಕ್ಷಕ್ಕೆ ಮೂರರ ಆಸುಪಾಸು. ನಮ್ಮ ದೇಶದೊಳಗೂ ಒಂದೇ ಸಮ ಇಲ್ಲ. ಅರುಣಾಚಲ ಪ್ರದೇಶದ ಪಾಪುಂ ಪಾರೆ ಜಿಲ್ಲೆ, ಸಿಕ್ಕಿಂ, ಮಿಜೋರಾಮಿನ ಐಜಾಲ್ ಕಡೆ ಬಹಳ ಹೆಚ್ಚು. ಬೆಂಗಳೂರಲ್ಲಿ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಶ್ವಾಸಕೋಶ, ಜಠರದ್ದು ಮುಂದೆ. ಲಿವರಿನದು ಹಿಂದೆ.

ಬೆಂಗಳೂರಿನ ಈ ಲೆಕ್ಕ ಬರೆಯುವುದು ಕಿದ್ವಾಯಿ. ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1982ರಲ್ಲಿ ಲೆಕ್ಕ ಬರೆಯಲು ಶುರುಮಾಡಿದಾಗ ಅದರಲ್ಲಿದ್ದ ಮೂರು ಕೇಂದ್ರಗಳಲ್ಲಿ ಅದೂ ಒಂದು. ಇನ್ನೆರಡು ಮುಂಬಯಿ, ಮದರಾಸಿನವು. ಊರಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು, ಯಾರು ತೀರಿಕೊಂಡರು ಅಂತ ಆಸ್ಪತ್ರೆಗಳಿಂದ, ಮರಣದ ದಾಖಲೆಯಿಂದ ಹುಡುಕಿ ಬರೆಯುವ ಕೆಲಸ ಅದು.

ಕಾರಣಗಳು ಮುಖ್ಯವಾಗಿ ನಾಲ್ಕು

ಮೊದಲನೆಯದು ಹೆಪಟೈಟಿಸ್ ಬಿ ಮತ್ತು ಸಿ ಎಂಬ ಕಾಮಾಲೆ ವೈರಸ್‌ಗಳು. ಇವು ತಾಯಿಯಿಂದ ಮಗುವಿಗೆ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ, ರಕ್ತದಿಂದ, ದೇಹಸಂಬಂಧದಿಂದ ಹರಡುತ್ತವೆ. ಹತ್ತಾರು ವರ್ಷ ಸುಮ್ಮನಿದ್ದು ಲಿವರನ್ನು ಒಳಗೇ ತಿನ್ನುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಬಿ ವೈರಸ್ ಇಟ್ಟುಕೊಂಡವರೇ ಸುಮಾರು 3 ಕೋಟಿ. ಅವರಲ್ಲಿ ಬಹಳ ಜನಕ್ಕೆ ಅದು ಇರುವುದೇ ಗೊತ್ತಿಲ್ಲ.

ಎರಡನೆಯದು ಕುಡಿತ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ಟಿನ ಹೆಸರು ಬದಲಾಯಿತು ಅಷ್ಟೇ.

ಮೂರನೆಯದು ಬೊಜ್ಜು, ಸಕ್ಕರೆ ಕಾಯಿಲೆಯಿಂದ ಲಿವರಿಗೆ ಕೊಬ್ಬು ಕೂರುವುದು. ಅಮೆರಿಕದಲ್ಲಿ 1980ರಿಂದೀಚೆ ಈ ಕ್ಯಾನ್ಸರ್ ಏರುತ್ತಾ ಬರಲು ಸಿ ವೈರಸ್, ಕುಡಿತದ ಜತೆ ಇದೂ ಕಾರಣ. ಈಗ ನಮ್ಮ ಪಟ್ಟಣಗಳಿಗೂ ಬಂದಿದೆ, ಹಳ್ಳಿಗೂ ಬರ್ತಾ ಇದೆ.

ನಾಲ್ಕನೆಯದು ನಮ್ಮದು. ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ.

ಬೂಷ್ಟಿನ ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಏನು ರೋಗ ಅಂತ ಯಾರಿಗೂ ತಿಳಿಯಲಿಲ್ಲ. ಹುಡುಕಿದಾಗ ಅವಕ್ಕೆ ಹಾಕಿದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ಅದನ್ನು ಮಾಡುತ್ತದೆ. ಅದರ ಹೆಸರಿನ ಅಕ್ಷರ ಕೂಡಿಸಿಯೇ ಅಫ್ಲಾಟಾಕ್ಸಿನ್ ಅಂತ ಕರೆದರು.

ಮನುಷ್ಯರೂ ಸತ್ತಿದ್ದಾರೆ, ನಮ್ಮ ದೇಶದಲ್ಲೇ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾನ್ಸವಾಡ ಜಿಲ್ಲೆಗಳಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಮೆಕ್ಕೆಜೋಳಕ್ಕೆ ಬೂಷ್ಟು ಬಂತು. ಬಡವರಿಗೆ ಬೇರೆ ಕಾಳು ಇರಲಿಲ್ಲ, ಅದನ್ನೇ ತಿಂದರು. ಕಾಮಾಲೆ ಬಂದು, ಹೊಟ್ಟೆಗೆ ನೀರು ತುಂಬಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರು ಹಾಕಿದ್ದನ್ನು ತಿಂದ ನಾಯಿಗಳೂ ಸತ್ತವು.

ಅದು ಒಮ್ಮೆಗೇ ಹೆಚ್ಚು ತಿಂದಾಗಿನ ಮಾತು. ಕ್ಯಾನ್ಸರಿಗೆ ಅಷ್ಟು ಬೇಡ, ಚೂರುಚೂರು ವರ್ಷಗಟ್ಟಲೆ ತಿಂದರೂ ಸಾಕು. ನಮ್ಮ ದೇಶದ ಕಾನೂನಿನಂತೆ ಒಂದು ಕಿಲೋ ಕಡಲೆಬೀಜದಲ್ಲಿ ಇದು 15 ಮೈಕ್ರೋಗ್ರಾಂ ಮೀರಬಾರದು. ಹಾಗಂದರೆ ಎಷ್ಟು? ಒಂದೇ ಒಂದು ಗ್ರಾಂ ವಿಷ 66 ಟನ್ ಬೀಜವನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಕಣ್ಣಿಗೆ ಕಾಣಲ್ಲ, ಬೇಯಿಸಿದರೆ, ಹುರಿದರೆ ಪೂರ್ತಿ ಹೋಗಲ್ಲ.

ಇದು ವೈರಸ್ ಜತೆ ಸೇರಿದರೆ ಇನ್ನೂ ಕೆಟ್ಟದ್ದು. ಚೀನದ ಶಾಂಘೈಯಲ್ಲಿ 18 ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 1994ರಲ್ಲಿ ಲೆಕ್ಕ ಹೇಳಿದರು. ಬೂಷ್ಟಿನ ವಿಷ ಒಂದೇ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಮೂರು ಪಟ್ಟು ಮೀರಿತ್ತು. ಬಿ ವೈರಸ್ ಒಂದೇ ಇದ್ದವರಿಗೆ ಏಳು ಪಟ್ಟು. ಎರಡೂ ಇದ್ದವರಿಗೆ ಹತ್ತಲ್ಲ, ಇಪ್ಪತ್ತಲ್ಲ, 59 ಪಟ್ಟು. ಕುಡಿಯದವರಿಗೂ ಹ್ಯಾಗೆ ಬರುತ್ತೆ ಅನ್ನುವುದಕ್ಕೆ ಒಂದು ಉತ್ತರ ಇಲ್ಲಿದೆ.

ಇಳಿಸಿದವರೂ ಇದ್ದಾರೆ

ಈ ಸಾವು ಹಣೆಬರಹ ಆಗಿದ್ದರೆ ಎಲ್ಲೂ ಇಳಿಯಬಾರದಿತ್ತು. ಇಳಿದಿದೆ.

ಚೀನದ ಚಿಡಾಂಗ್ ಎಂಬ ಸೀಮೆ ಲಿವರ್ ಕ್ಯಾನ್ಸರಿಗೆ ಕುಖ್ಯಾತ. ಅಲ್ಲಿಯ ಜನದ ಊಟ ಮೆಕ್ಕೆಜೋಳ. ಗಾಳಿಯಲ್ಲಿ ತೇವ ಜಾಸ್ತಿ, ಕಾಳಿಗೆ ಬೂಷ್ಟು. 1980ರ ದಶಕದ ನಡುವಿನಿಂದ ಅಕ್ಕಿ ಸುಲಭವಾಗಿ ಸಿಗತೊಡಗಿ ಜನ ಅನ್ನಕ್ಕೆ ತಿರುಗಿದರು. ರಕ್ತದಲ್ಲಿ ವಿಷದ ಗುರುತು ಇಳಿಯುತ್ತಾ ಬಂತು. ಹಿಂದೆಯೇ ಈ ಕ್ಯಾನ್ಸರಿನ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಬಂತು. ಲಸಿಕೆ ಹಾಕಿಸಿಕೊಂಡ ಮಕ್ಕಳು ಆ ವಯಸ್ಸಿಗೆ ಬರುವ ಮೊದಲೇ ಆದ ಇಳಿತ ಇದು.

ತೈವಾನ್ 1984ರಲ್ಲಿ ಹುಟ್ಟಿದ ಮಕ್ಕಳಿಗೆ ಬಿ ಲಸಿಕೆ ಹಾಕಲು ಶುರುಮಾಡಿತು. ಹತ್ತು ವರ್ಷದಲ್ಲಿ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಅರ್ಧಕ್ಕೆ ಇಳಿಯಿತು. ಈಜಿಪ್ಟಿನಲ್ಲಿ ಹಿಂದೆ ಒಂದೇ ಸೂಜಿಯಲ್ಲಿ ಹಲವರಿಗೆ ಚುಚ್ಚಿ ಸಿ ವೈರಸ್ ದೇಶಕ್ಕೆಲ್ಲ ಹರಡಿತ್ತು. 2018ರಿಂದ ಅವರು ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ ಮಾಡಿ ರೋಗ ಇದ್ದವರಿಗೆ ಮಾತ್ರೆ ಕೊಟ್ಟರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಫ್ರಿಕದ ಗಿನಿ ದೇಶದ ಕೆಲಸ. ಅಲ್ಲಿಯವರೂ ನಮ್ಮಂತೆ ಮನೆಗೆ ಬೇಕಾದ ಕಡಲೆಕಾಯಿ ಬೆಳೆಯುವ ಸಣ್ಣ ರೈತರು. 20 ಹಳ್ಳಿ ಆರಿಸಿ, 10ರಲ್ಲಿ ಇಷ್ಟೇ ಮಾಡಿಸಿದರು: ಕೆಟ್ಟ ಕಾಯಿ ಕೈಯಲ್ಲಿ ಆರಿಸಿ ಬಿಸಾಡುವುದು, ನೆಲದ ಮೇಲೆ ಅಲ್ಲದೆ ಚಾಪೆ ಮೇಲೆ ಒಣಗಿಸುವುದು, ಸರಿಯಾಗಿ ಒಣಗಿತೇ ನೋಡುವುದು, ಗೋಣಿಚೀಲದಲ್ಲಿ ತುಂಬಿ ಮರದ ಹಲಗೆ ಮೇಲೆ ಇಡುವುದು, ಹುಳ ಬಾರದಂತೆ ನೋಡಿಕೊಳ್ಳುವುದು. ಐದು ತಿಂಗಳ ಮೇಲೆ ರಕ್ತ ನೋಡಿದರೆ ಆ ಹಳ್ಳಿಗಳ ಜನರಲ್ಲಿ ವಿಷದ ಗುರುತು ಉಳಿದ ಹಳ್ಳಿಗಳವರ ಅರ್ಧಕ್ಕಿಂತ ಕಡಿಮೆ. ಇದು 2005ರಲ್ಲಿ ಪ್ರಕಟವಾಯಿತು. ಯಾವ ಯಂತ್ರವೂ ಇಲ್ಲ.

ನಮ್ಮ ಲೆಕ್ಕ ಪೂರ್ತಿ ಇದೆಯೇ?

ನಮ್ಮ ದೇಶದ ಪ್ರಮಾಣ ಕಡಿಮೆ ಅಂತ ನಿಶ್ಚಿಂತೆಯಾಗಿ ಇರುವಂತಿಲ್ಲ. ಬೆಂಗಳೂರಿನ ಲೆಕ್ಕ ಬೆಂಗಳೂರಿನದು. ಬಿಟಿಎಂ ಲೇಔಟಿನಲ್ಲಿ ಒಬ್ಬರು ತೀರಿಕೊಂಡರೆ ಸ್ಕ್ಯಾನಿಂಗ್, ರಕ್ತದ ರಿಪೋರ್ಟು, ಡಾಕ್ಟರ ಸಹಿ ಎಲ್ಲ ಇರುತ್ತದೆ. ನಮ್ಮ ಹಳ್ಳಿಯಲ್ಲಿ? "ಕಾಮಾಲೆ ಆಗಿತ್ತು, ಸೊಪ್ಪಿನ ಔಷಧಿ ಕೊಡಿಸಿದ್ವಿ, ಹೊಟ್ಟೆ ಊದಿಕೊಂಡು ಹೋಗಿಬಿಟ್ರು" ಅಷ್ಟೇ. ಅದು ಲಿವರ್ ಕ್ಯಾನ್ಸರೋ, ಬೇರೆಯೋ, ಯಾರೂ ಬರೆದುಕೊಳ್ಳಲಿಲ್ಲ. ಲೆಕ್ಕದಲ್ಲಿ ಇಲ್ಲ ಅಂದರೆ ಊರಲ್ಲಿ ಇಲ್ಲ ಅಂತ ಅಲ್ಲ.

ಜೊಳ್ಳು ಯಾರ ಪಾಲಿಗೆ?

ನಮ್ಮಲ್ಲಿ ಒಂದು ಪದ್ಧತಿ ಇದೆ. ಗಟ್ಟಿ ಕಾಯಿ ಮಾರುಕಟ್ಟೆಗೆ, ಬೀಜಕ್ಕೆ. ಸುಕ್ಕಿದ್ದು, ಗೆದ್ದಲು ಕೊರೆದದ್ದು, ಬಣ್ಣ ಕೆಟ್ಟದ್ದು ಮನೆಗೆ. ಚಟ್ನಿಗೆ, ಗಾಣಕ್ಕೆ, ಕೂಲಿಯವರಿಗೆ, ಹಸುವಿಗೆ. ವಿಷ ಹೆಚ್ಚಾಗಿ ಇರುವುದು ಇಂಥ ಕಾಯಿಯಲ್ಲೇ. ಪರಿಷೆಯಲ್ಲಿ ಕೊಂಡವರು ಆರಿಸಿದ್ದು ತಿನ್ನುತ್ತಾರೆ, ಬೆಳೆದವರ ಮಕ್ಕಳು ಆರಿಸಿ ಬಿಟ್ಟದ್ದು ತಿನ್ನುತ್ತಾರೆ. ಇದನ್ನು ನಾವೇ ಯೋಚನೆ ಮಾಡಬೇಕು.

ಗಾಣದಲ್ಲಿ ಹಿಂಡಿದಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಎಣ್ಣೆಗೂ ಬರುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿಗೂ ಅದು ರೂಪ ಬದಲಿಸಿಕೊಂಡು ಇಳಿಯುತ್ತದೆ. ಆ ಹಾಲು ಹೋಗುವುದು ಡೇರಿಗೆ, ನಮ್ಮ ಮೊಮ್ಮಕ್ಕಳ ಲೋಟಕ್ಕೆ.

ಹೊಲದಲ್ಲಿ, ಕಣದಲ್ಲಿ

ಬೂಷ್ಟು ಉಗ್ರಾಣದಲ್ಲಿ ಮಾತ್ರ ಹಿಡಿಯುತ್ತೆ ಅನ್ನುವುದು ತಪ್ಪು. ಕಾಯಿ ಬಲಿಯುವ ಕಡೇ ಮೂರರಿಂದ ಆರು ವಾರದಲ್ಲಿ ಮಳೆ ಕೈಕೊಟ್ಟು ಭೂಮಿ ಕಾದರೆ ಮಣ್ಣೊಳಗೇ ಹಿಡಿಯುತ್ತದೆ. ಬೆದ್ದಲಿನವರಿಗೆ ಈ ಕಾಟ ಹೆಚ್ಚು. ಒಂದು ಹದ ನೀರು ಕೊಡಲು ಅನುಕೂಲ ಇದ್ದರೆ ಆಗ ಕೊಡಿ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಹಾಕಿದ ಹೊಲ ತೇವ ಹಿಡಿಯುತ್ತದೆ. ಹೂ ಬಿಟ್ಟು ಊಡು ಇಳಿಯುವಾಗ ಎಕರೆಗೆ 200 ಕಿಲೋ ಜಿಪ್ಸಂ ಕೊಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ.

ಕಿತ್ತ ಮೇಲೆ ಮಾಡುವುದು:

1. ಹದ ನೋಡಿ ಕೀಳಿ. ನಾಲ್ಕು ಕಾಯಿ ಒಡೆದರೆ ಮೂರರಲ್ಲಾದರೂ ಸಿಪ್ಪೆಯ ಒಳಮೈ ಕಂದಾಗಿರಬೇಕು. ಬಲಿತದ್ದು ಮಣ್ಣಲ್ಲೇ ಉಳಿದರೆ ಬೂಷ್ಟಿಗೆ ದಾರಿ.

2. ಕಿತ್ತ ಗಿಡ ತಲೆಕೆಳಗಾಗಿ, ಕಾಯಿ ಮೇಲೆ ಮಾಡಿ ಎರಡು ಮೂರು ದಿನ ಬಿಡಿ. ಹಸಿ ಬಳ್ಳಿ ಮೆದೆ ಒಟ್ಟಬೇಡಿ, ಒಳಗೆ ಕಾವು ಹುಟ್ಟುತ್ತದೆ.

3. ಬಿಡಿಸಿದ ಕಾಯಿ ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ. ಮಳೆ ಬಂದಾಗ ಮುಚ್ಚಿ, ನಿಂತ ಕೂಡಲೇ ತೆಗೆಯಿರಿ. 2021ರ ನವೆಂಬರಿನಂಥ ಜಡಿಮಳೆ ಹಿಡಿದರೆ ಕೊಟ್ಟಿಗೆ, ಜಗುಲಿ ಎಲ್ಲಾದರೂ ಗಾಳಿಯಾಡುವ ಕಡೆ ಹರಡಿ.

4. ತೇವ ನೂರಕ್ಕೆ 8ಕ್ಕೆ ಇಳಿಯಬೇಕು. ಅಳೆಯುವ ಯಂತ್ರ ಬೇಡ. ಕುಲುಕಿದರೆ ಗಲಗಲ ಅನ್ನಬೇಕು, ಬೀಜ ಉಜ್ಜಿದರೆ ಹೊಟ್ಟು ಬಿಡಬೇಕು, ಮುರಿದರೆ ಟಕ್ ಅನ್ನಬೇಕು.

5. ಯಂತ್ರದಲ್ಲಿ ಸುಲಿಸುವಾಗ ಬೀಜ ಒಡೆಯದಿರಲಿ, ತೂಕ ಬರಲಿ ಅಂತ ನೀರು ಚಿಮುಕಿಸುವುದುಂಟು. ಒಣಗಿಸಿದ ಕಷ್ಟವೆಲ್ಲ ಅಲ್ಲಿಗೆ ಹಾಳು. ತಿನ್ನುವುದಕ್ಕೆ, ಬೀಜಕ್ಕೆ ಬೇಕಾದ್ದನ್ನು ಕಾಯಿಯಾಗೇ ಇಟ್ಟು ಬೇಕಾದಾಗ ಸುಲಿಯಿರಿ.

6. ಗೋಣಿಚೀಲಕ್ಕೆ ತುಂಬಿ, ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ.

7. ಬೂಷ್ಟು ಹಿಡಿದದ್ದು, ಸುಕ್ಕಿದ್ದು, ಕಹಿಯಾದದ್ದು ಮನುಷ್ಯರಿಗೂ ಬೇಡ, ದನಕ್ಕೂ ಬೇಡ, ಕೋಳಿಗೂ ಬೇಡ. ಒಳ್ಳೆಯದರ ಜತೆ ಬೆರೆಸಿ ಮಾರುವುದೂ ಬೇಡ. ಸುಟ್ಟುಬಿಡಿ.

ಮೆಕ್ಕೆಜೋಳಕ್ಕೂ ಇದೇ ಮಾತು.

ಆಸ್ಪತ್ರೆಯಲ್ಲಿ

ಬಿ ಲಸಿಕೆ ಕರ್ನಾಟಕದ ಮಕ್ಕಳಿಗೆ 2007-08ರಿಂದ, ದೇಶಕ್ಕೆಲ್ಲ 2011ರಿಂದ ಸರ್ಕಾರವೇ ಹಾಕುತ್ತಿದೆ. ಮೊದಲ ಚುಚ್ಚುಮದ್ದು ಹುಟ್ಟಿದ 24 ಗಂಟೆಯೊಳಗೆ ಆಗಬೇಕು, ಹೆರಿಗೆಯಾದ ಕಡೆ ಕೇಳಿ ಹಾಕಿಸಿ. ಅದಕ್ಕೂ ಮುಂಚೆ ಹುಟ್ಟಿದ ನಾವು ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಸಿ ವೈರಸ್ ಮೂರು ತಿಂಗಳ ಆಸುಪಾಸಿನ ಮಾತ್ರೆಯಲ್ಲಿ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಬಿ ಇದ್ದವರು ಡಾಕ್ಟರು ಹೇಳಿದಂತೆ ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನಿಂಗ್ ಮಾಡಿಸಿದರೆ ಗಂಟು ಸಣ್ಣದಿರುವಾಗಲೇ ಸಿಗುತ್ತದೆ. ಚುಚ್ಚುಮದ್ದು ಯಾರೇ ಹಾಕಲಿ, ಹೊಸ ಸೂಜಿ ಕಣ್ಣೆದುರು ಬಿಚ್ಚಲಿ.

ವಿಷ ಕಡಿಮೆ ಇರುವ ಕಾಯಿಗೆ ಮಂಡಿಯಲ್ಲಿ ಹೆಚ್ಚು ಬೆಲೆ ಕೊಡುವವರಿಲ್ಲ. ದಲ್ಲಾಳಿ ಕುಲುಕಿ ನೋಡ್ತಾನೆ, ಅಗಿದು ನೋಡ್ತಾನೆ, ವಿಷ ಅಳೆಯಲ್ಲ. ಹಾಗಾಗಿ ಈ ಕೆಲಸದ ಲಾಭ ಮೊದಲು ಬರುವುದು ನಮ್ಮ ಮನೆಗೇ. ಮಳೆಗಾಲದ ಕೊಯ್ಲಿನಲ್ಲಿ ಕಾಯಿ ಒಣಗಿಸಲು ನಿಮ್ಮಲ್ಲಿ ಅಟ್ಟ, ಚಪ್ಪರ, ಬೇರೇನಾದರೂ ಉಪಾಯ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಅದು ನಮ್ಮಂಥ ಇನ್ನೂ ಹತ್ತು ಮನೆಗೆ ಉಪಯೋಗವಾಗುತ್ತದೆ.