ನೀರು ಅಳಿಸದ ಅಕ್ಷರ

ಚೆನ್ನೈಯ ಮನೆಗಳಲ್ಲಿ ‘ಸಿಪಿಯು’ ಎಂದು ನಾವೆಲ್ಲ ಕರೆಯುವ ಪೆಟ್ಟಿಗೆಗೆ ಜಾಗ ಎಂದರೆ ಸಾಮಾನ್ಯವಾಗಿ ಮೇಜಿನ ಕೆಳಗಿನ ನೆಲ. 2015ರ ಡಿಸೆಂಬರ್ 1ರ ರಾತ್ರಿ ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿ ನೀರು ಅಡ್ಯಾರ್ ನದಿಗೆ ಇಳಿಯಿತು. ಸೈದಾಪೇಟೆ, ಕೊಟ್ಟೂರುಪುರಂ, ಈಕ್ಕಾಟುತಾಂಗಲ್, ಮುಡಿಚೂರುಗಳಲ್ಲಿ ಜನ ಮಕ್ಕಳನ್ನೂ ವೃದ್ಧರನ್ನೂ ಎತ್ತಿಕೊಂಡು ಮಹಡಿ ಹತ್ತಿದರು. ಕಂಪ್ಯೂಟರ್ ಯಾರಿಗೆ ನೆನಪಾದೀತು? ಕೆಲಸಗಾರರು ಮುದ್ರಣಾಲಯ ತಲುಪಲಾಗದೆ, 1878ರಲ್ಲಿ ಹುಟ್ಟಿದ ‘ದಿ ಹಿಂದೂ’ ಪತ್ರಿಕೆಯೇ ಮರುದಿನ ಚೆನ್ನೈಯಲ್ಲಿ ಅಚ್ಚಾಗಲಿಲ್ಲ.

ನೀರು ಇಳಿದ ಮೇಲೆ ಆ ಪೆಟ್ಟಿಗೆ ನೆನಪಾಯಿತು. ಮಗಳ ಮದುವೆಯ ಫೋಟೊ, ತೀರಿಹೋದ ತಂದೆಯ ಧ್ವನಿ, ಅರ್ಧಕ್ಕೆ ನಿಂತ ಪ್ರಬಂಧ ಎಲ್ಲವೂ ಅದರೊಳಗಿದ್ದವು. ಇಂಥ ಹೊತ್ತಿನಲ್ಲಿ ನಮ್ಮೆಲ್ಲರ ಕೈ ಮಾಡುವುದು ಒಂದೇ ಕೆಲಸ. ಪೆಟ್ಟಿಗೆಯನ್ನು ತಾರಸಿಯ ಬಿಸಿಲಿಗಿಡುತ್ತೇವೆ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದುತ್ತೇವೆ, ಎರಡು ದಿನ ಕಾದು ದೇವರನ್ನು ನೆನೆದು ಸ್ವಿಚ್ ಒತ್ತುತ್ತೇವೆ. ಪ್ರವಾಹ ಉಳಿಸಿಕೊಟ್ಟದ್ದನ್ನು ನಾವು ಕಳೆದುಕೊಳ್ಳುವುದು ಆ ಗಳಿಗೆಯಲ್ಲಿ. ಯಾಕೆಂದು ತಿಳಿಯಬೇಕಾದರೆ ಹಾರ್ಡ್ ಡಿಸ್ಕಿನ ಮುಚ್ಚಳ ತೆಗೆದು, ಮನಸ್ಸಿನಲ್ಲಿ ಮಾತ್ರ ತೆಗೆದು, ಒಳಗೆ ನೋಡಬೇಕು.

ಒಳಗಿರುವುದು ಕನ್ನಡಿಯಂತೆ ಹೊಳೆಯುವ ತಟ್ಟೆಗಳು, ಒಂದರ ಮೇಲೊಂದು. ಅಲ್ಯೂಮಿನಿಯಂ ಅಥವಾ ಗಾಜಿನ ತಟ್ಟೆಯ ಮೇಲೆ ಕೋಬಾಲ್ಟ್ ಮಿಶ್ರಲೋಹದ ತೆಳು ಲೇಪ. ನಮ್ಮ ಫೋಟೊ, ಪತ್ರ, ಹಾಡುಗಳೆಲ್ಲ ಆ ಲೇಪದಲ್ಲಿ ಲಕ್ಷಕೋಟಿ ಪುಟ್ಟ ಅಯಸ್ಕಾಂತಗಳಾಗಿ ಕೂತಿವೆ. ಅವು ಯಾವ ದಿಕ್ಕಿಗೆ ಮುಖಮಾಡಿವೆ ಎಂಬುದೇ ಅಲ್ಲಿನ ಬರಹ. ಮನೆಯ ಕಂಪ್ಯೂಟರಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಮೂರೂವರೆ ಇಂಚಿನ ಡಿಸ್ಕಿನ ತಟ್ಟೆಯ ಅಂಚು ಗಂಟೆಗೆ 120 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಬರಹವನ್ನು ಓದುವ ಪುಟ್ಟ ಹೆಡ್ಡು ತಟ್ಟೆಯನ್ನು ಮುಟ್ಟುವುದೇ ಇಲ್ಲ. ತಿರುಗುವ ತಟ್ಟೆ ಎಬ್ಬಿಸುವ ಗಾಳಿಯ ಮೇಲೆ ಅದು ತೇಲುತ್ತದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 70,000 ನ್ಯಾನೊಮೀಟರ್. ಆ ಸಂದಿಯಲ್ಲಿ ಸಿಗರೇಟು ಹೊಗೆಯ ಒಂದು ಕಣವೂ ಹಾಯಲಾರದು.

ತೇಲಲು ಗಾಳಿ ಬೇಕು. ಹೊರಗಿನ ಒತ್ತಡ ಬದಲಾದರೆ ಒಳಗಿನದೂ ಹೊಂದಿಕೊಳ್ಳಬೇಕು. ಕಡಲಂಚಿನ ಚೆನ್ನೈಯಲ್ಲಿ ಕೊಂಡ ಡಿಸ್ಕ್ ನಾಳೆ ಊಟಿಗೂ ಹೋದೀತು. ಅದಕ್ಕಾಗಿ ಡಿಸ್ಕಿನ ಮೈಯಲ್ಲಿ ಒಂದು ಪುಟ್ಟ ಉಸಿರುರಂಧ್ರ ಇಟ್ಟಿದ್ದಾರೆ. ‘ಈ ರಂಧ್ರ ಮುಚ್ಚಬೇಡಿ’ ಎಂದು ಪಕ್ಕದಲ್ಲಿ ಬರೆದೂ ಇರುತ್ತಾರೆ. ಒಳಗಿನ ಸೋಸುಪದರ ಧೂಳನ್ನು ತಡೆಯುತ್ತದೆ, ಗಂಟೆಗಟ್ಟಲೆ ಮುಳುಗಿದರೆ ನೀರನ್ನು ತಡೆಯಲಾರದು. ಹೀಲಿಯಂ ತುಂಬಿ ಪೂರ್ತಿ ಬೆಸೆದ ಡಿಸ್ಕುಗಳು 2013ರಿಂದ ಬಂದಿವೆಯಾದರೂ ಅವು ಹೆಚ್ಚಾಗಿ ದೊಡ್ಡ ಡೇಟಾ ಕೇಂದ್ರಗಳ ಪಾಲು.

ಈಗ ಆ ರಾತ್ರಿಗೆ ಬನ್ನಿ. ಕರೆಂಟು ಹೋದ ಕ್ಷಣ ಡಿಸ್ಕ್ ಏನು ಮಾಡುತ್ತದೆ ಎಂಬುದು ನನಗೆ ಇವತ್ತಿಗೂ ಬೆರಗಿನ ಸಂಗತಿ. ತಟ್ಟೆಗಳು ಇನ್ನೂ ತಿರುಗುತ್ತಿರುತ್ತವಲ್ಲ, ಆಗ ಮೋಟಾರೇ ಡೈನಮೋ ಆಗಿಬಿಡುತ್ತದೆ. ಆ ಸುತ್ತಿನಲ್ಲಿ ಉಳಿದ ಶಕ್ತಿಯಿಂದಲೇ ವಿದ್ಯುತ್ ಹುಟ್ಟಿ, ಹೆಡ್ಡು ತಟ್ಟೆಯಿಂದ ಸರಿದು ತನ್ನ ತಂಗುದಾಣ ಸೇರುತ್ತದೆ. ಆಮೇಲೆ ನೀರು ಬಂದರೂ ಅಯಸ್ಕಾಂತಗಳ ಮುಖ ತಿರುಗದು. ನೀರಿಗೆ ಆ ಶಕ್ತಿ ಇಲ್ಲ. ಶಾಯಿಯ ಅಕ್ಷರ ನೀರಿಗೆ ಕದಡೀತು, ಈ ಅಕ್ಷರ ಕದಡದು.

ಕೇಡು ಇರುವುದು ನೀರು ಬಿಟ್ಟುಹೋಗುವ ವಸ್ತುವಿನಲ್ಲಿ. ಪ್ರವಾಹದ ನೀರೆಂದರೆ ಮಣ್ಣು, ಉಪ್ಪು, ಎಣ್ಣೆ, ಚರಂಡಿ. ಒಣಗಿಸಿದಾಗ ನೀರಷ್ಟೇ ಹಾರಿಹೋಗಿ ಉಳಿದದ್ದೆಲ್ಲ ತಟ್ಟೆಯ ಮೇಲೆ ಹಕ್ಕಳೆಗಟ್ಟುತ್ತದೆ. ಕೆಲವು ನ್ಯಾನೊಮೀಟರ್ ಎತ್ತರದಲ್ಲಿ ಹಾರುವ ಹೆಡ್ಡಿಗೆ ಆ ಹಕ್ಕಳೆ ಒಂದು ಬೆಟ್ಟ. ಸ್ವಿಚ್ ಒತ್ತಿದೊಡನೆ ಹೆಡ್ಡು ಬೆಟ್ಟಕ್ಕೆ ಗುದ್ದಿ, ಮುರಿದು, ಲೇಪವನ್ನು ಕೆರೆಯತೊಡಗುತ್ತದೆ. ಕೆರೆದುಹೋದ ಲೇಪದ ಜೊತೆ ಅಲ್ಲಿನ ಬರಹವೂ ಹೋಗುತ್ತದೆ; ಅದನ್ನು ಯಾವ ಪ್ರಯೋಗಾಲಯವೂ ಮರಳಿಸಲಾರದು.

ಆದ್ದರಿಂದ ಮುಳುಗಿದ ಡಿಸ್ಕನ್ನು ಒಣಗಿಸಬೇಡಿ. ಕೇಳಲು ವಿಚಿತ್ರ, ಆದರೆ ದತ್ತಾಂಶ ಮರುಪಡೆಯುವ ಪರಿಣತರು ಹೇಳುವುದು ಇದನ್ನೇ. ಮೊದಲು ಮನೆಯ ಮೇನ್ ಸ್ವಿಚ್ ಆಫ್ ಆಗಿದೆಯೇ ನೋಡಿ. ಯುಪಿಎಸ್ ಇದ್ದರೆ ಅದರಲ್ಲಿ ಇನ್ನೂ ವಿದ್ಯುತ್ ಇರುತ್ತದೆ, ನೀರು ನಿಂತಿದ್ದಾಗ ಅದರ ಹತ್ತಿರ ಹೋಗಲೇಬೇಡಿ. ಆಮೇಲೆ ಡಿಸ್ಕನ್ನು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಧೂಳಿಲ್ಲದ ಕೋಣೆ ಇರುವ ಪ್ರಯೋಗಾಲಯಕ್ಕೆ ಬೇಗ ಕಳಿಸಿ. ಅಲ್ಲಿ ತಟ್ಟೆಗಳನ್ನು ಶುದ್ಧೀಕರಿಸಿದ ನೀರಿನಲ್ಲಿ ತೊಳೆದು, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ಡು ಜೋಡಿಸಿ ಓದುತ್ತಾರೆ. ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟಿನಲ್ಲಿ ಸಿಗದ ಬಿಡಿಭಾಗವಿಲ್ಲ, ನಿಜ. ಆದರೂ ಅಂಗಡಿ ಯಾವುದೇ ಇರಲಿ, ‘ಡಿಸ್ಕಿನ ಸರ್ಕಿಟ್ ಬೋರ್ಡು ಬದಲಾಯಿಸಿದರೆ ಸಾಕು’ ಎಂದರೆ ತಡೆದು ಕೇಳಿ. ಈಚಿನ ಡಿಸ್ಕುಗಳಲ್ಲಿ ಪ್ರತಿಯೊಂದರ ಅಳತೆಯ ಮಾಹಿತಿ ಅದರದೇ ಬೋರ್ಡಿನ ಚಿಪ್ಪಿನಲ್ಲಿರುತ್ತದೆ. ಆ ಚಿಪ್ಪನ್ನು ವರ್ಗಾಯಿಸದೆ ಬರಿಯ ಬೋರ್ಡು ಬದಲಾಯಿಸಿ ಫಲವಿಲ್ಲ.

ಈ ಅಕ್ಷರ ಎಷ್ಟು ಗಟ್ಟಿ ಎಂಬುದಕ್ಕೆ ಒಂದು ದುಃಖದ ಸಾಕ್ಷಿ ಇದೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯಿದ್ದ ಕೊಲಂಬಿಯಾ ನೌಕೆ ಟೆಕ್ಸಾಸಿನ ಆಕಾಶದಲ್ಲಿ ಛಿದ್ರವಾಯಿತು. ಅದರಲ್ಲಿದ್ದ ಒಂದು ಹಾರ್ಡ್ ಡಿಸ್ಕ್ ತಿಂಗಳುಗಳ ನಂತರ ಒಣಗಿದ ಕೆರೆಯಂಗಳದಲ್ಲಿ ಸುಟ್ಟು ಕರಕಲಾದ ಸ್ಥಿತಿಯಲ್ಲಿ ಸಿಕ್ಕಿತು. ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯವರು ತಟ್ಟೆಗಳನ್ನು ತೊಳೆದು ಹೊಸ ಡಿಸ್ಕಿಗೆ ಜೋಡಿಸಿ ಸುಮಾರು ನೂರಕ್ಕೆ 99ರಷ್ಟು ಮಾಹಿತಿ ತೆಗೆದರು. ಝೆನಾನ್ ಅನಿಲದ ಮೇಲೆ ನೌಕೆಯಲ್ಲಿ ನಡೆದ ಒಂದು ಪ್ರಯೋಗದ ಮಾಹಿತಿ ಅದು; ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೊಬೈಲ್‌ಗಳ ಲೆಕ್ಕ ಬೇರೆ. ಅವುಗಳಲ್ಲಿ ತಿರುಗುವ ಭಾಗವಿಲ್ಲ, ಒಣಗಿಸಬಹುದು. ಆದರೆ ಅಕ್ಕಿ ಡಬ್ಬಿಯಲ್ಲಿ ಹೂಳುವ ನಮ್ಮ ರೂಢಿ ಬೇಡ. ಅಕ್ಕಿಯ ಸಣ್ಣ ಚೂರು ಒಳಸೇರಿ ಹಾನಿಯಾದೀತೆಂದು ಆಪಲ್ ಕಂಪನಿಯೇ 2024ರಲ್ಲಿ ಎಚ್ಚರಿಸಿತು.

ಇಷ್ಟೆಲ್ಲ ಗೊತ್ತಿದ್ದರೂ ಪ್ರಯೋಗಾಲಯದ ಖರ್ಚು ಎಲ್ಲರ ಕೈಗೆ ಎಟುಕದು. ಎಟುಕುವುದು ಪ್ರತಿ ಮಾಡಿಡುವ ಕೆಲಸ. ಅದು ನಮ್ಮ ಭಾಷೆಗೆ ಹೊಸತೇನೂ ಅಲ್ಲ. ಹತ್ತನೆಯ ಶತಮಾನದಲ್ಲೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಒಂದು ಮಠದ ಓಲೆಗರಿಗೆ ಗೆದ್ದಲು ಹಿಡಿದರೆ ಇನ್ನೊಂದರಲ್ಲಿ ಕಾವ್ಯ ಉಳಿಯುತ್ತದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಸಿದ್ಧಿಗೆ ತಂದ 3-2-1 ಸೂತ್ರವೂ ಅದೇ ದಾರಿಯದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಚೆನ್ನೈ ಕನ್ನಡಿಗರಿಗೆ ಬೇರೆ ಊರಿಗೆ ಬರವೇ? ಮೈಸೂರಿನ ಅಕ್ಕನ ಮನೆಯಲ್ಲೋ ಉಡುಪಿಯ ಅಜ್ಜನ ಮನೆಯಲ್ಲೋ ಒಂದು ಡಿಸ್ಕ್ ಇರಲಿ.

ಕ್ಲೌಡ್ ಕೂಡ ಬೇರೆ ಊರೇ. ಆದರೆ ಒಂದು ಎಚ್ಚರ: ಫೋನು ಮತ್ತು ಗೂಗಲ್ ಫೋಟೊಸ್ ಒಂದಕ್ಕೊಂದು ಜೋಡಿಯಾಗಿದ್ದರೆ, ಆ ಆ್ಯಪಿನಲ್ಲಿ ನೀವು ಅಳಿಸಿದ ಚಿತ್ರ ಎರಡೂ ಕಡೆ ಅಳಿಯುತ್ತದೆ. ಅದನ್ನು ಪ್ರತಿ ಎಂದು ನಂಬಿ ಕೂರಬೇಡಿ. ಉಚಿತವಾಗಿ ಸಿಗುವುದು 15 ಜಿಬಿ. ಫೋಟೊಗಳಿಗಿದ್ದ ಮಿತಿಯಿಲ್ಲದ ಜಾಗ 2021ರ ಜೂನ್ 1ಕ್ಕೆ ನಿಂತಿತು. ಮೊದಲ ಸಲ ಏರಿಸುವಾಗ ತಾಳ್ಮೆ ಬೇಕು. 200 ಜಿಬಿ ಚಿತ್ರಗಳನ್ನು 20 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಕಳಿಸಲು ಸುಮಾರು 22 ಗಂಟೆ ಹಿಡಿಯುತ್ತದೆ.

ಚೆನ್ನೈಗೆ ದೊಡ್ಡ ಮಳೆ ಬರುವುದು ಹಿಂಗಾರಿನಲ್ಲಿ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ವೇಳಚೇರಿ, ಪಳ್ಳಿಕರಣೈಗಳನ್ನು ಮುಳುಗಿಸಿದ್ದೂ ಆಗಲೇ. ಹಿಂಗಾರು ಜೋರಾಗುವ ಮೊದಲೇ ಆಯುಧಪೂಜೆ ಬರುತ್ತದೆ. ನಮ್ಮ ಮನೆಗಳಲ್ಲಿ ಅಂದು ಕಂಪ್ಯೂಟರಿಗೂ ಕುಂಕುಮ ಹಚ್ಚಿ ಹೂವಿಡುತ್ತೇವೆ. ಹಿಂದಿನ ರಾತ್ರಿ ಎರಡನೆಯ ಡಿಸ್ಕಿಗೆ ಪ್ರತಿ ಮಾಡಲು ಹಾಕಿಬಿಡಿ. ಬೆಳಿಗ್ಗೆ ಆ ಪ್ರತಿಯಿಂದ ಹಳೆಯ ಫೋಟೊ ಒಂದನ್ನು ತೆರೆದು, ಸರಿಯಾಗಿ ಕಾಣುತ್ತದೆಯೇ ನೋಡಿ. ಮೇಲೆ ತಾರೀಕಿನ ಚೀಟಿ ಅಂಟಿಸಿ, ದೀಪಾವಳಿಗೆ ಊರಿಗೆ ಹೊರಡುವವರ ಕೈಯಲ್ಲಿ ಕೊಡಿ. ಸಿಪಿಯು ಪೆಟ್ಟಿಗೆಯನ್ನು ಪೂಜೆಗೆ ಹೇಗೂ ಮೇಜಿನ ಮೇಲೆ ಎತ್ತಿಟ್ಟಿರುತ್ತೀರಿ. ಪೊಂಗಲ್‌ವರೆಗೆ ಅಲ್ಲೇ ಇರಲಿ.